ನಗೆಗಾಳಿ ಬೇಡವೆಂದವನು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ಕೃಷ್ಣವೇಣಮ್ಮನವರು, ಒಂದು ಏಕಾದಶಿಯ ದಿನ, ನನ್ನ ಹಸಿವು ಮರೆಸಲೆಂದು.

ಹೊಂಬಾಳೆಪುರದ ದೊರೆ ಡಂಗುರ ಸಾರಿಸಿದ: ಮಗಳು ನೀಲಾಜಮ್ಮಣ್ಣಿಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ, ತಪ್ಪಿದವನಿಗೆ ಅಮಾವಾಸ್ಯೆಯಂದು ತಲೆದಂಡ.

ಆ ಅರಮನೆಯಲ್ಲಿ ಬಂದವರಿಗೆ ತಾಂಬೂಲದ ಬದಲು ನಗೆಗಾಳಿ ತುಂಬಿದ ತೊಗಲಿನ ಚೀಲ ಕೊಡುವ ಮರ್ಯಾದೆಯಿತ್ತು. ಅದನ್ನು ಉಸಿರಿಗೆ ಎಳೆದವರು ಬಿದ್ದು ಬಿದ್ದು ನಗುವರು. ರಾಜಕುಮಾರರು ಬಂದರು, ಎಳೆದರು. ಬೆಂಕಿಯಿಲ್ಲದೆ ತುಟಿ ಸುಡುವುದು ಯಾವುದೆಂದು ಅಮ್ಮಣ್ಣಿ ಕೇಳಿದರೆ ಒಬ್ಬ ಮೆಣಸಿನಕಾಯಿ ಎಂದ, ಇನ್ನೊಬ್ಬ ಮುತ್ತು ಎಂದ. ಸೆರೆಮನೆಗೆ ಎಳೆದೊಯ್ಯುವಾಗಲೂ ಅವರ ನಗು ನಿಲ್ಲಲಿಲ್ಲ.

ಉಪ್ಪು ಮಾರುವ ತಿರುಮಲ ಬಂದದ್ದು ಮದುವೆಯ ಆಸೆಗಲ್ಲ, ಅಣ್ಣನ ಸಲುವಾಗಿ. ಅವನ ಅಣ್ಣ ಅರಮನೆಯ ಆಳು. ದಿನವೂ ಆ ಗಾಳಿ ಎಳೆದು ಈಗ ಗೋಡೆ ಹಿಡಿದು ನಡೆಯುತ್ತಿದ್ದ. ಚೀಲ ಮುಂದೆ ಬಂದಾಗ ತಿರುಮಲ ಕೈಕಟ್ಟಿಯೇ ನಿಂತ.

"ಏನೋ ಉಪ್ಪಿನವನೇ, ಅರಮನೆಯ ಮರ್ಯಾದೆ ಬೇಡವೋ?" ಎಂದ ದೊರೆ.

"ಬೇಡ ಬುದ್ಧಿ. ತಲೆ ಹೋಗುವುದಾದರೆ ನೆಟ್ಟಗಿರುವಾಗಲೇ ಹೋಗಲಿ."

ಸಭೆ ನಕ್ಕಿತು. ಅಮ್ಮಣ್ಣಿ ನಗದೆ ಅದೇ ಮೊದಲ ಒಗಟು ಹಾಕಿದಳು: ಬೆಂಕಿಯಿಲ್ಲದೆ ತುಟಿ ಸುಡುವುದು ಯಾವುದು?

"ಈ ಗಾಳಿಯೇ, ತಾಯಿ," ಎಂದ ತಿರುಮಲ. "ಚೀಲ ತುಂಬುವ ಹಂಡೆಯ ಬಾಯಿಂದ ನೇರ ಹೀರಿದರೆ ಅದರ ಚಳಿಯ ಕೊರೆತವೇ ಸುಡುತ್ತದೆ. ನಮ್ಮಣ್ಣನ ತುಟಿ ಬೊಬ್ಬೆ ಎದ್ದಿದೆ."

ಎದೆ ತುಂಬಿದರೂ ಪ್ರಾಣಕ್ಕೆ ಒದಗದ್ದು ಯಾವುದೆಂದು ಅಮ್ಮಣ್ಣಿ ಎರಡನೆಯದನ್ನು ಕೇಳಿದಳು.

"ಅದೂ ಇದೇ. ದೇವರು ಕೊಟ್ಟ ಉಸಿರಿನ ಜಾಗದಲ್ಲಿ ತಾನು ಕೂರುತ್ತದೆ. ನಗುತ್ತಲೇ ಬಿದ್ದವರು ಏಳದಿರುವುದೂ ಉಂಟು."

ಅಮ್ಮಣ್ಣಿಯ ದನಿ ಇಳಿಯಿತು. "ನನ್ನ ಜೊತೆಗೇ ಹುಟ್ಟಿದ ಇಬ್ಬರು ಈಗಲೂ ನನ್ನ ಬಳಿಯೇ ಇದ್ದಾರೆ. ಮುಳ್ಳು ತುಳಿದರೂ ನನಗೆ ಹೇಳುವುದಿಲ್ಲ. ಯಾರು?"

ಅರಸುಮಗಳಿಗೆ ಊನವಿದೆ ಎಂದವನು ಬದುಕುವಂತಿರಲಿಲ್ಲ. ತಿರುಮಲ ದೊರೆಯನ್ನೇ ನೋಡಿ ಹೇಳಿದ: "ಅಮ್ಮಣ್ಣಿಯವರ ಪಾದಗಳು. ನಮ್ಮಣ್ಣನ ಕಾಲಿನಂತೆಯೇ ಜೋಮು ಹಿಡಿದು ಸತ್ತಂತಿವೆ. ಉಂಡ ಅನ್ನದ ಸತ್ವ ನರಕ್ಕೆ ಒದಗದಂತೆ ಈ ಗಾಳಿ ತಡೆಯುತ್ತದೆಂದು ಅಣ್ಣನನ್ನು ನೋಡಿದ ವೈದ್ಯರು ಹೇಳಿದರು. ನಗಿಸುತ್ತೇನೆಂದು ಮಗಳ ಕಾಲು ಕಿತ್ತುಕೊಂಡಿರಿ ಬುದ್ಧಿ. ಈಗ ನನ್ನ ತಲೆ ತೆಗೆಸಿ."

ದೊರೆಯ ಕೈ ಕತ್ತಿಗೆ ಹೋಯಿತು.

"ಮೂರೂ ಸರಿ, ಅಪ್ಪಾಜಿ," ಎಂದಳು ಅಮ್ಮಣ್ಣಿ. "ಕಾಲು ಜೋಮು ಹಿಡಿದಿದೆಯೆಂದು ನಾನು ಬಾಯಿಬಿಟ್ಟು ಹೇಳಿದಾಗ ನೀವು ಇನ್ನೊಂದು ಚೀಲ ಕೊಟ್ಟಿರಿ. ಬೇರೆ ಯಾರಾದರೂ ಹೇಳಲಿ ಎಂದೇ ಒಗಟು ಕಟ್ಟಿದೆ."

ಕತ್ತಿ ಒರೆಯಲ್ಲೇ ಉಳಿಯಿತು. ತಿರುಮಲ ಅರ್ಧ ರಾಜ್ಯ ಒಲ್ಲೆನೆಂದ. ಸೆರೆಯವರನ್ನು ಬಿಡಬೇಕು, ಹಂಡೆಗಳನ್ನೆಲ್ಲ ಊರಾಚೆ ಬಯಲಲ್ಲಿ ಬರಿದುಮಾಡಬೇಕು, ಅಣ್ಣನಿಗೆ ಅರಮನೆಯ ಮದ್ದು ಸಿಗಬೇಕು ಎಂದ. ದೊರೆ ಎಲ್ಲಕ್ಕೂ ತಲೆಯಾಡಿಸಿದ.

ಅಮ್ಮಣ್ಣಿಯ ಕಾಲಿಗೆ ಬಲ ಬರಲೆಂದು ಅವಳ, ತಿರುಮಲನ ಮದುವೆ ಮಾತ್ರ ತಡವಾಯಿತು. ಅಣ್ಣನ ಒಂದು ಕಾಲು ಕಡೆಗೂ ಸರಿಯಾಗಲಿಲ್ಲ. ಅಮ್ಮಣ್ಣಿ ಮದ್ದು ತಿಂದಳು, ಬಿದ್ದಳು, ಎದ್ದಳು. ಪಲ್ಲಕ್ಕಿಯಲ್ಲೇ ಧಾರೆಗೆ ಬರಲೆಂದವರಿಗೆ ಆಗದೆಂದಳು; ಸಪ್ತಪದಿಯನ್ನು ಯಾರ ತೋಳನ್ನೂ ಹಿಡಿಯದೆ ತಾನೇ ತುಳಿದಳು.

ಕೇಳಿದಿರಲ್ಲ, ಇನ್ನು ನಿಮ್ಮ ಮನೆಯ ಮಕ್ಕಳನ್ನು ಕೂರಿಸಿಕೊಂಡು ನೀವೂ ಹೇಳಿ.