ಒಡೆಯದೆ ಉಳಿದ ಕುಲುಮೆ

"ಗುರುಗಳೇ, ಗಾಣ ತಿರುಗಿದಷ್ಟೂ ಸವೆಯುತ್ತದೆ. ನಮ್ಮ ಮಠದ ಗಾಣ ಈ ಸೀಮೆಗೇ ಹಳೆಯದು. ಅದನ್ನು ನಿಲ್ಲಿಸಿ, ಸುತ್ತ ಬೇಲಿ ಹಾಕಿ ಕಾಪಾಡಿದರೆ ತಪ್ಪೇನು?" ಎಂದು ಶಿಷ್ಯ ಮರುಳಯ್ಯ ಕೇಳಿದ. ಬೇಲಿಗೆ ಬೇಕಾದ ಬಿದಿರಿನ ಗಳುಗಳನ್ನು ಅವನು ಆಗಲೇ ತರಿಸಿಟ್ಟಿದ್ದ.

ಗುರುಗಳು ಗಳುಗಳತ್ತ ಒಮ್ಮೆ ನೋಡಿ ಕತೆ ಹೇಳಿದರು.

ಒಬ್ಬ ದೊರೆ ಇದ್ದ. ಒಳ್ಳೆಯವನು, ಕೆಟ್ಟವನಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನ ನಾಡಿನ ಗುಡ್ಡಗಳಲ್ಲಿ ಕಬ್ಬಿಣ ತೆಗೆಯುವವರಿದ್ದರು. ಆಳೆತ್ತರದ ಮಣ್ಣಿನ ಕುಲುಮೆ ಕಟ್ಟಿ, ಅದಿರೂ ಇದ್ದಿಲೂ ತುಂಬಿ, ತಿದಿ ಒತ್ತಿ ಬೆಂಕಿ ಎಬ್ಬಿಸುವುದು ಅವರ ಕಸುಬು. ಹಡಗಿನಲ್ಲಿ ಪರದೇಶದ ಕಬ್ಬಿಣ ಅಗ್ಗಕ್ಕೆ ಬಂದು ಬೀಳತೊಡಗಿದ ಮೇಲೆ ಕುಲುಮೆಗಳು ಒಂದೊಂದಾಗಿ ಆರಿದವು. ಕೊನೆಗೆ ಒಂದೇ ಒಂದು ಉಳಿಯಿತು. ಅದನ್ನು ಒಬ್ಬ ಮುದುಕ ತನ್ನ ತಮ್ಮನೊಡನೆ ನಡೆಸುತ್ತಿದ್ದ.

ಸುದ್ದಿ ತಿಳಿದು ದೊರೆ ಓಡಿಬಂದ. ತನ್ನ ಕೋಟೆಯ ಬಾಗಿಲಿನ ಕಬ್ಬಿಣ ಹುಟ್ಟಿದ್ದು ಇಂಥ ಕುಲುಮೆಯಲ್ಲೇ ಎಂದು ಅವನಿಗೆ ಗೊತ್ತಿತ್ತು. ಬೆಳಗಿನಿಂದ ನಿಂತು ನೋಡಿದ. ಬೆಂಕಿ ಇಳಿಯಿತು. ಮುದುಕ ಹಾರೆ ಎತ್ತಿಕೊಂಡು ಕುಲುಮೆಯ ಮುಂದೆ ನಿಂತು, ಅದರ ಎದೆಗೆ ಗುರಿಯಿಟ್ಟ. ದೊರೆ ನುಗ್ಗಿ ಹೋಗಿ ಮುದುಕನ ಕೈ ಹಿಡಿದ.

"ನಾಡಿಗೆಲ್ಲ ಉಳಿದಿರುವುದು ಇದೊಂದೇ. ಇದನ್ನೂ ಒಡೆಯುತ್ತೀಯಾ?"

"ಒಡೀದೆ ಇದ್ರೆ ಕಬ್ಬಿಣ ಈಚೆಗೆ ಹೆಂಗ್ ಬತ್ತದೆ, ಬುದ್ಧಿ? ನಾಳಿಕ್ಕೆ ಇನ್ನೊಂದು ಕಟ್ತೀವಿ."

ನಾಳೆಯನ್ನು ನಂಬುವ ಧೈರ್ಯ ದೊರೆಗೆ ಇರಲಿಲ್ಲ. ಹಾರೆ ಕೆಳಗಿಡಿಸಿದ. ಇನ್ನು ಬೆಂಕಿಯ ಮುಂದೆ ಬೇಯುವುದು ಸಾಕೆಂದು ಆ ಮನೆಯವರಿಗೆ ಗದ್ದೆ ಕೊಟ್ಟ. ಕುಲುಮೆಯ ಮೇಲೆ ಕಲ್ಲಿನ ಮಂಟಪ ಕಟ್ಟಿಸಿ ಕಾವಲಿಟ್ಟ. ವಿದ್ವಾಂಸರು ಬಂದು ಅಳೆದರು, ಚಿತ್ರ ಬರೆದುಕೊಂಡರು, ತಲೆದೂಗಿದರು. ಮುದುಕ ಒಮ್ಮೆ ಬಂದು, ಪಕ್ಕದಲ್ಲೇ ಇನ್ನೊಂದು ಕಟ್ಟಿಕೊಳ್ಳಲೇ ಎಂದು ಕೇಳಿದ. ಹೊಗೆ ಹತ್ತಿ ಮಂಟಪ ಕಪ್ಪಾದೀತು ಎಂದರು ಕಾವಲಿನವರು. ಅವನು ಮತ್ತೆ ಕೇಳಲಿಲ್ಲ. ಕೆಲವು ವರ್ಷಗಳಲ್ಲಿ ಅವನೂ ಅವನ ತಮ್ಮನೂ ತೀರಿಕೊಂಡರು. ದೊರೆ ನಿಜವಾಗಿ ದುಃಖಪಟ್ಟ.

ಇನ್ನೂ ಎಷ್ಟೋ ವರ್ಷಗಳ ಮೇಲೆ ಕಡಲಾಚೆ ಯುದ್ಧ ಹತ್ತಿಕೊಂಡು ಹಡಗುಗಳು ನಿಂತವು. ನೇಗಿಲ ಗುಳಗಳು ಸವೆದು ಮೊಂಡಾದವು. ಉಳುವ ಹೊತ್ತು ಹತ್ತಿರ ಬಂತು, ಮಾಡಿಸಲು ಕಬ್ಬಿಣವಿಲ್ಲ. ರೈತರು ಅರಮನೆಯ ಮುಂದೆ ಸೇರಿದರು. ದೊರೆ ಮಾತ್ರ ಹೆದರಲಿಲ್ಲ. ಕುಲುಮೆಗೆ ಮಂಟಪ ಕಟ್ಟಿಸಿದಾಗ ನನ್ನನ್ನು ಹುಚ್ಚನೆಂದಿರಲ್ಲ, ಈಗ ನೋಡಿ ಎಂದು ಎಲ್ಲರನ್ನೂ ಮಂಟಪಕ್ಕೆ ಕರೆದೊಯ್ದ. ಮುದುಕನ ಮೊಮ್ಮಕ್ಕಳನ್ನು ಕರೆಸಿ ಬೆಂಕಿ ಹಾಕಿ ಎಂದ.

ಅವರು ಇದ್ದಿಲು ಸುರಿದರು. ಎರಡು ಬುಟ್ಟಿಗೇ ಬಾಯಿ ತುಂಬಿತು. ಅಂದು ಈಚೆಗೆ ಬಾರದೆ ಉಳಿದ ಕಬ್ಬಿಣದ ಗಟ್ಟಿ ಒಳಗೇ ಕೂತಿತ್ತು. ಅದನ್ನು ತೆಗೆಯಲು ಒಂದೇ ದಾರಿ ಎಂದು ದೊರೆಗೆ ಆಗ ಹೊಳೆಯಿತು. ಯಾರಿಗೂ ಹೇಳದೆ ತಾನೇ ಹಾರೆ ಎತ್ತಿದ. ಕುಲುಮೆಯ ಎದೆಗೆ ಹಾಕಿದ ಒಂದೇ ಏಟಿಗೆ ಗೋಡೆ ಕುಸಿಯಿತು. ಕಬ್ಬಿಣದ ಗಟ್ಟಿ ಉರುಳಿ ಅವನ ಕಾಲ ಬಳಿ ನಿಂತಿತು. ಒಂದು ಹಳ್ಳಿಯ ಗುಳಗಳಿಗೂ ಸಾಲದಷ್ಟು.

"ಸರಿ, ಇನ್ನೊಂದು ಕಟ್ಟಿ" ಎಂದ ದೊರೆ.

ಮೊಮ್ಮಕ್ಕಳು ಒಡೆದ ಮಣ್ಣನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಯಾವ ಹೊಂಡದ ಮಣ್ಣೋ, ಅದರೊಳಗೆ ಏನನ್ನು ಕಲಸಿದ್ದರೋ, ಎಷ್ಟು ದಿನ ಒಣಗಿಸಿದ್ದರೋ. ಅವರು ಹುಟ್ಟಿದಾಗಿನಿಂದ ಕುಲುಮೆ ಅಲ್ಲಿ ನಿಂತೇ ಇತ್ತು. ಕಟ್ಟಿದ್ದನ್ನು ಅವರು ಕಂಡಿರಲಿಲ್ಲ. ವಿದ್ವಾಂಸರು ಚಿತ್ರಗಳನ್ನು ಹರಡಿದರು. ಎತ್ತರವಿತ್ತು, ಸುತ್ತಳತೆಯಿತ್ತು, ಅಷ್ಟೇ. ದೊರೆ ನೆರೆದ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋದ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಆ ವರ್ಷ ಆ ನಾಡಿನಲ್ಲಿ ಅರ್ಧಕ್ಕರ್ಧ ಹೊಲ ಬೀಳು ಬಿದ್ದಿತು.

ಮರುಳಯ್ಯ, "ಆದರೆ ಅವನು ತಡೆದದ್ದು ಪ್ರೀತಿಯಿಂದ ಅಲ್ಲವೇ, ಗುರುಗಳೇ?" ಎಂದ.

"ಹೌದು, ಪ್ರೀತಿಯಿಂದಲೇ. ಆದರೆ ಅಂದು ಅವನು ಹಿಡಿದು ನಿಲ್ಲಿಸಿದ ಕೈ, ಮರುದಿನ ಕುಲುಮೆ ಕಟ್ಟಬೇಕಾಗಿದ್ದ ಕೈ" ಎಂದರು ಗುರುಗಳು.

ಮರುಳಯ್ಯ ಎದ್ದು, ಬೇಲಿಗೆಂದು ತರಿಸಿದ್ದ ಗಳುಗಳನ್ನು ಹೊತ್ತು ಗಾಣದಿಂದ ದೂರ ಒಯ್ದ.