ಭಾವನ ಹೆಸರಿನಲ್ಲಿ ಬೆಟ್ಟ

"ಗುರುಗಳೇ, ನನಗೆ ಸಿಹಿ ಎಂದರೆ ಪ್ರಾಣ. ಆದರೆ ಮೈಯೂ ಇಳಿಯಬೇಕು. ಎರಡೂ ಕೂಡಿಬರಲು ಏನು ಮಾಡಲಿ?" ಎಂದು ಶಿಷ್ಯ ಕೇಳಿದ. ಸ್ವಲ್ಪ ತಡೆದು, "ನಿಮ್ಮ ತಪಸ್ಸಿನ ಫಲದಲ್ಲಿ ಒಂದಿಷ್ಟು ನನಗೆ ಧಾರೆ ಎರೆದರೆ ಸಾಕಾದೀತೇನೋ" ಎಂದೂ ಸೇರಿಸಿದ.

ಅಂದು ಮಠದಲ್ಲಿ ಹಬ್ಬ. ಅಡುಗೆಮನೆಯಲ್ಲಿ ಹೋಳಿಗೆ ಬೇಯುತ್ತಿತ್ತು. ಶಿಷ್ಯನ ಮುಖ ಗುರುಗಳ ಕಡೆಗಿತ್ತು, ಮೂಗು ಅಡುಗೆಮನೆಯ ಕಡೆಗಿತ್ತು.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಲಾಡು ಕಂಡರೆ ಅವನಿಗೆ ಊಟ ಮರೆತುಹೋಗುತ್ತಿತ್ತು. ಊಟವಾದ ಮೇಲೆ ಕಂಡರೆ ಉಂಡದ್ದೇ ಮರೆತುಹೋಗುತ್ತಿತ್ತು. ಹೀಗೆ ಮರೆತು ಮರೆತು ಹೊಟ್ಟೆ ಬೆಳೆಯಿತು. ಅಷ್ಟರಲ್ಲಿ ಮಗಳ ಮದುವೆ ಗೊತ್ತಾಯಿತು. ತಂದೆಯಾದವನು ಬಗ್ಗಿ ಅಳಿಯನ ಕಾಲು ತೊಳೆದು ಧಾರೆ ಎರೆಯಬೇಕು. ಇವನಿಗೋ ತನ್ನ ಕಾಲನ್ನೇ ಕಂಡು ವರ್ಷಗಳಾಗಿದ್ದವು. "ಅಪ್ಪಾ, ಧಾರೆ ನೀನೇ ಎರೆಯಬೇಕು" ಎಂದು ಮಗಳು ಕಣ್ಣೀರು ಹಾಕಿದಳು. ಒಬ್ಬಳೇ ಮಗಳು. ಅವನಿಗೂ ಸಂಕಟವಾಯಿತು.

ವೈದ್ಯನನ್ನು ಕರೆಸಿದ. ವೈದ್ಯ, "ದಿನಾ ಬೆಳಿಗ್ಗೆ ಊರಾಚೆಯ ಬೆಟ್ಟ ಹತ್ತಿ ಇಳಿಯಿರಿ. ಹತ್ತಿದ ದಿನ ಒಂದೆರಡು ಲಾಡು ತಿಂದರೆ ಅಡ್ಡಿಯಿಲ್ಲ" ಎಂದ.

ಲಾಡಿನ ಮಾತನ್ನು ವರ್ತಕ ಕೂಡಲೇ ಒಪ್ಪಿಕೊಂಡ. ಬೆಟ್ಟದ ಮಾತನ್ನು ಯೋಚಿಸಿದ. ತನ್ನ ಹೆಸರು, ಗೋತ್ರ, ನಕ್ಷತ್ರ ಹೇಳಿ ಪುರೋಹಿತರು ಜಪ ಮಾಡಿದರೆ ಫಲ ತನಗೆ ಬರುತ್ತದೆ. ಬೆಟ್ಟ ಹತ್ತಿದ ಫಲ ಮಾತ್ರ ಏಕೆ ಬಾರದು? ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೈಯೂ ಬಾಯಿಯೂ ಒಬ್ಬನದೇ ಆಗಿರಬೇಕು ಎಂದು ಗಾದೆ ಎಲ್ಲೂ ಹೇಳಿಲ್ಲವಲ್ಲ! ಮನೆಯಲ್ಲಿ ಹೆಂಡತಿಯ ತಮ್ಮನಿದ್ದ. ಕಡ್ಡಿಯಂಥ ಆಳು, ಬೇರೆ ಕೆಲಸವೂ ಇರಲಿಲ್ಲ. ಪುರೋಹಿತರಿಂದ ಸಂಕಲ್ಪ ಮಾಡಿಸಿ ಅವನನ್ನು ಬೆಟ್ಟಕ್ಕೆ ಕಳುಹಿಸಿದ.

ಭಾವಮೈದುನ ನಿಯತ್ತಿನ ಮನುಷ್ಯ. ದಿನವೂ ಬೆಟ್ಟದ ಬುಡದಲ್ಲಿ ನಿಂತು ಭಾವನ ಹೆಸರು, ಗೋತ್ರ, ನಕ್ಷತ್ರ ಹೇಳಿಯೇ ಹತ್ತಿದ. ಬೆಟ್ಟ ಹತ್ತಿದವರ ಪಾಲಿನ ಲಾಡನ್ನು ವರ್ತಕ ಮನೆಯಲ್ಲಿ ಕುಳಿತು ತಿಂದ. ತಿಂಗಳು ಕಳೆಯುವ ಹೊತ್ತಿಗೆ ಭಾವಮೈದುನನ ಪಂಚೆ ಸೊಂಟದಲ್ಲಿ ನಿಲ್ಲದಾಯಿತು. ವರ್ತಕನ ಪಂಚೆ ಸುತ್ತಿಕೊಳ್ಳಲು ಸಾಲದಾಯಿತು.

"ನೀನು ಮನಸ್ಸಿಟ್ಟು ಹತ್ತುತ್ತಿಲ್ಲ" ಎಂದು ವರ್ತಕ ರೇಗಿದ.

ಭಾವಮೈದುನನಿಗೆ ನಿಜಕ್ಕೂ ಬೇಸರವಾಯಿತು. "ಇಲ್ಲ ಭಾವ, ಒಂದು ದಿನವೂ ತಪ್ಪಿಸಿಲ್ಲ. ಫಲ ಯಾಕೋ ದಾರಿಯಲ್ಲೇ ನಿಂತಿದೆ. ನೀವೇನೂ ಚಿಂತೆ ಮಾಡಬೇಡಿ. ಬಗ್ಗಲು ಆಗದಿದ್ದರೆ ನಿಮ್ಮ ಹೆಸರಿನಲ್ಲಿ ಧಾರೆಯನ್ನೂ ನಾನೇ ಎರೆದುಬಿಡುತ್ತೇನೆ."

ವರ್ತಕನ ಬಾಯಲ್ಲಿದ್ದ ಲಾಡು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವನೇ ಹೊರಟ. ಭಾವಮೈದುನ ಲಾಡಿನ ಡಬ್ಬಿ ಹಿಡಿದು ಮುಂದೆ ನಡೆದ. ತುದಿ ಮುಟ್ಟಿದವರಿಗೆ ಮಾತ್ರ ಲಾಡು ಎಂದು ಇಬ್ಬರಲ್ಲೂ ಮಾತಾಗಿತ್ತು. ವರ್ತಕ ಅರ್ಧದಲ್ಲೇ ಕುಳಿತುಬಿಟ್ಟ. ಮೇಲಿನಿಂದ ಖಾಲಿ ಡಬ್ಬಿ ಇಳಿದು ಬಂತು. ಅದರ ಮಾರನೆಯ ದಿನ ಅವನು ಬರೀ ಸಿಟ್ಟಿನಿಂದಲೇ ತುದಿಯವರೆಗೆ ಹತ್ತಿದ. ಆಮೇಲೆ ಸಿಟ್ಟು ಇಳಿಯಿತು, ಹತ್ತುವುದು ಉಳಿಯಿತು.

ಮದುವೆಯ ದಿನ ವರ್ತಕ ಬಗ್ಗಿದ. ನರಳಿದ, ಆದರೂ ಬಗ್ಗಿದ. ಅಳಿಯನ ಕಾಲು ತೊಳೆದು ತನ್ನ ಕೈಯಾರೆ ಧಾರೆ ಎರೆದ. ಮಗಳು ಅಳುತ್ತ ನಕ್ಕಳು. ಊಟಕ್ಕೆ ಕುಳಿತಾಗ ಎರಡು ಲಾಡು ಹಾಕಿಸಿಕೊಂಡು ಕಣ್ಣು ಮುಚ್ಚಿ ತಿಂದ. ಮೂರನೆಯದಕ್ಕೆ ಎಲೆಗೆ ಕೈ ಅಡ್ಡ ಹಿಡಿದ. ಬೇರೆ ಯಾರದೋ ಎಲೆಗೆ ಬಂದೆನೇನೋ ಎಂದು ಬಡಿಸುವವನು ಅವನ ಮುಖ ನೋಡಿದ.

ಗುರುಗಳು ಕತೆ ನಿಲ್ಲಿಸಿದರು. ಊಟದ ಗಂಟೆ ಹೊಡೆಯಿತು. ಶಿಷ್ಯ ಎಲ್ಲರಿಗಿಂತ ಮೊದಲು ಎದ್ದು, "ಹಾಗಾದರೆ ಗುರುಗಳೇ, ತಪಸ್ಸಿನ ಫಲ?" ಎಂದ.

"ಅದಕ್ಕೇನಂತೆ, ಇವತ್ತು ನಿನ್ನ ಪಾಲಿನ ಹೋಳಿಗೆಯನ್ನು ನಿನ್ನ ಹೆಸರಿನಲ್ಲಿ ನಾನು ತಿನ್ನುತ್ತೇನೆ; ರುಚಿ ನಿನಗೆ ಬಂದರೆ, ಫಲವೂ ಬಂದೀತು."