ಬಾಣಂತಿಯ ಲೋಟ

ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಾಗ ಚಿನ್ನಾಚಾರಿ ಹಲಸಿನ ಮರದಲ್ಲಿ ಎರಡು ಲೋಟ ಕಡೆದ. ಒಂದಕ್ಕೆ ವಾರ್ನಿಷ್ ಬಳಿದ. ಇನ್ನೊಂದಕ್ಕೆ ಅಗಸೆ ಎಣ್ಣೆ ತಿಕ್ಕಿ, ಒರೆಸಿ, ಬಿಸಿಲಿಗಿಟ್ಟ. ವಾರ್ನಿಷ್ ಲೋಟ ಮರುದಿನವೇ ಥಳಥಳ ಹೊಳೆಯಿತು. ಅಗಸೆ ಲೋಟ ಮಾತ್ರ ತಿಂಗಳಾದರೂ ಬಿಸಿಲು ಕಾಯಿಸುತ್ತಲೇ ಇತ್ತು.

“ಇನ್ನೂ ಒಣಗಲಿಲ್ಲವೇನಯ್ಯ?” ಎಂದು ವಾರ್ನಿಷ್ ಲೋಟ ಮೂದಲಿಸಿತು.

“ನಿನ್ನದು ಮೈಮೇಲೆ ನಿಂತರಾಯಿತು, ಅಣ್ಣ. ನನ್ನದು ಒಳಗಿಳಿಯಬೇಕು” ಎಂದಿತು ಅಗಸೆ ಲೋಟ.

ಹೆರಿಗೆಯಾಯಿತು. ಆಚಾರಿಯ ಹೆಂಡತಿ ಸಾಕವ್ವ ಎರಡೂ ಲೋಟಕ್ಕೆ ಬಿಸಿ ಹಾಲು ಸುರಿದು, ಮಗಳಿಗೆ ಕೊಡುವ ಮುನ್ನ ಮೂಸಿ ನೋಡಿದಳು.

“ರೀ, ಇದೇನು ಹಾಲೋ, ಬಣ್ಣದ ಡಬ್ಬಿಯೋ? ಬಾಣಂತಿ ಕುಡಿದದ್ದು ಮಗುವಿಗೂ ಹೋಗುತ್ತೆ!” ಎಂದು ವಾರ್ನಿಷ್ ಲೋಟದ ಹಾಲು ಚೆಲ್ಲಿ, ಅದರಲ್ಲಿ ಬಾಚಣಿಗೆ ಸಿಕ್ಕಿಸಿ ಗೋಡೆಯ ಗೂಡಿನಲ್ಲಿಟ್ಟಳು.

“ಮಗು ನೋಡಲು ಬಂದವರೆಲ್ಲ ನನ್ನನ್ನೇ ನೋಡುತ್ತಾರೆ, ಗೊತ್ತೇ?” ಎಂದು ಅದು ಗೂಡಿನಿಂದಲೇ ಬೀಗಿತು.

ಅಗಸೆ ಲೋಟಕ್ಕೆ ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ಬಾಣಂತಿ ಎರಡನೇ ಸಲ ಹಾಲು ಕೇಳಿದ್ದಳು.